ಅಂಟಿನುಂಡೆ ವಿಮಾನ ಹತ್ತಿದ್ದು ಹೇಗೆ

2022ರ ಜೂನ್‌ನಲ್ಲಿ ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟರು. ನ್ಯೂಜೆರ್ಸಿಯಲ್ಲಿ ತಂಗಿಗೆ ಹೆರಿಗೆ, ಬಾಣಂತನಕ್ಕೆ ಅಮ್ಮ ಹೋಗದೆ ಇನ್ಯಾರು ಹೋಗ್ತಾರೆ ಅಲ್ವಾ? ಎರಡು ಸೂಟ್‌ಕೇಸ್, ಒಂದೊಂದಕ್ಕೂ 23 ಕೆಜಿ. ತುಂಬುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ಯಾರು ಊರು ಬಿಟ್ಟರೂ ಪೆಟ್ಟಿಗೆ ಕಟ್ಟುವುದು ನಾನೇ.

ನಮ್ಮದು ತಿಪಟೂರು ಕಡೆ. ಅಲ್ಲಿಯವರಿಗೆ ಉಂಡೆ ಕೊಬ್ಬರಿ ಬಗ್ಗೆ ಹೇಳಬೇಕಾಗಿಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತದೆ, ಒಳಗಿನ ನೀರು ಆರಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಒಡೆಯುವುದು. ಅಂಥ ಕೊಬ್ಬರಿಯನ್ನು ಅಪ್ಪ ಆರಿಸಿ ಆರಿಸಿ ಮೂರು ಕೆಜಿ ಕೊಟ್ಟಿದ್ದರು. ಬಾಣಂತಿಗೆ ಕೊಡುವ ಅಂಟಿನುಂಡೆಗೆ ಅಂಗಡಿ ಕೊಬ್ಬರಿ ಹಾಕಬಾರದು ಅನ್ನುವುದು ಅವರ ಹಟ. ಅದರ ಜೊತೆ ಅಂಟು, ಉತ್ತುತ್ತಿ, ಗಸಗಸೆ, ಬೆಲ್ಲ, ಗೋಡಂಬಿ. ಮಗುವಿಗೆ ಧೂಪ ಹಾಕಲು ಸಾಂಬ್ರಾಣಿ, ಅದಕ್ಕೆ ಅರ್ಧ ಕೆಜಿ ಇದ್ದಿಲು. ಪೂಜೆಗೆ ಕರ್ಪೂರ. ತಂಗಿ ಕೇಳಿದ್ದಳು ಅಂತ ಒಂದು ತುರಿಮಣೆ. ಅಮ್ಮ ತಾವಾಗಿ ಸೇರಿಸಿದ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ ದೊಡ್ಡಪತ್ರೆ ಕಡ್ಡಿ ಮತ್ತು ಒಂದು ಕಟ್ಟು ಕರಿಬೇವು.

ಈಗ ಆ ಪಟ್ಟಿಯನ್ನು ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ. ಅದರಲ್ಲಿ ಆರು ಐಟಂ ಒಂದಲ್ಲ ಒಂದು ಕಡೆ ನಿಲ್ಲುವಂಥವು. ನನಗೆ ಆಗ ಗೊತ್ತಿದ್ದದ್ದು ಎರಡೇ: ಚಾಕು ಕತ್ತರಿ ಕೈಚೀಲದಲ್ಲಿ ಇಡಬಾರದು, ನೀರಿನ ಬಾಟಲಿ ಒಯ್ಯಬಾರದು.

ಸೂಟ್‌ಕೇಸ್ ಕೊಟ್ಟು ಬೋರ್ಡಿಂಗ್ ಪಾಸ್ ತೆಗೆದುಕೊಂಡು ಹತ್ತು ನಿಮಿಷವೂ ಆಗಿರಲಿಲ್ಲ, ಅಮ್ಮನ ಹೆಸರು ಕೂಗಿದರು. ಎಕ್ಸ್‌ರೇಯಲ್ಲಿ ಗುಂಡು ಗುಂಡಗೆ ಏನೋ ಕಂಡಿದೆ, ಪೆಟ್ಟಿಗೆ ತೆರೆಯಬೇಕು ಅಂದರು. ನಾನು ಹೊರಗಡೆ ಇದ್ದೆ, ಅಮ್ಮ ಫೋನ್ ಮಾಡಿದರು. "ಕೊಬ್ಬರಿ ತೆಗೀರಿ ಅಂತಿದಾರೆ ಕಣೆ, ಬಾಂಬು ಅನ್ನೋ ಥರ ಮಾತಾಡ್ತಿದಾರೆ." ದನಿ ನಡುಗುತ್ತಿತ್ತು. ನಾನು ಆ ಸಿಬ್ಬಂದಿ ಹುಡುಗನ ಜೊತೆ ಫೋನಿನಲ್ಲೇ ಮಾತಾಡಿದೆ. ಅವನು ಪಾಪ ಸಮಾಧಾನವಾಗಿಯೇ ಹೇಳಿದ. "ಮೇಡಂ, ಕೊಬ್ಬರಿ ಬೆಂಕಿ ಹತ್ತೋ ವಸ್ತು ಅಂತ ಲಿಸ್ಟಲ್ಲಿದೆ. ಕ್ಯಾಬಿನ್‌ಗೂ ಇಲ್ಲ, ಚೆಕ್‌-ಇನ್‌ಗೂ ಇಲ್ಲ. ಇದ್ದಿಲು, ಕರ್ಪೂರನೂ ಇಲ್ಲ." ಅಮ್ಮ ಮೂರನ್ನೂ ತೆಗೆದು ಅಲ್ಲೇ ಬಿಟ್ಟರು. ಹೊರಗೆ ತಂದು ನನ್ನ ಕೈಗೆ ಕೊಡಲು ಸಮಯ ಇರಲಿಲ್ಲ. ಅಪ್ಪ ಆರಿಸಿದ ಮೂರು ಕೆಜಿ ಕೊಬ್ಬರಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊಬ್ಬರಿಗೂ ಬೆಂಕಿಗೂ ಏನು ಸಂಬಂಧ ಅಂತ ಓದುತ್ತಾ ಕೂತೆ. ವಿಮಾನದಲ್ಲಿ ಸಾಗಿಸುವ ಅಪಾಯದ ವಸ್ತುಗಳಿಗೆ ಒಂದು ಅಂತರರಾಷ್ಟ್ರೀಯ ಪಟ್ಟಿ ಇದೆ, ಪ್ರತಿಯೊಂದಕ್ಕೂ ಒಂದು ನಂಬರು. ಕೊಬ್ಬರಿಯ ನಂಬರು 1363. ವರ್ಗ 4.2, ಅಂದರೆ ಯಾರೂ ಕಡ್ಡಿ ಗೀರದಿದ್ದರೂ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು. ಇದ್ದಿಲು ಕೂಡ ಅದೇ ವರ್ಗ, ನಂಬರು 1361. ಕರ್ಪೂರ ಸುಲಭವಾಗಿ ಉರಿಯುವ ಘನವಸ್ತುಗಳ ಗುಂಪಿನಲ್ಲಿದೆ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಜ ಕಣಮ್ಮ" ಅಂದರು. "ಸರಿಯಾಗಿ ಒಣಗದೆ ಇರೋ ಕೊಬ್ಬರೀನ ಚೀಲಕ್ಕೆ ತುಂಬಿ ಒತ್ತೊತ್ತಾಗಿ ಇಟ್ರೆ ಒಳಗೆ ಕೈ ಹಾಕಿದಾಗ ಬೆಚ್ಚಗಿರುತ್ತೆ. ಅದಕ್ಕೇ ಹರಡಿ ಹಾಕೋದು." ಅಷ್ಟೇ ವಿಷಯ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ಸ್ವಲ್ಪ ಹಸಿ ಉಳಿದು ಬೂಸು ಹಿಡಿದರೆ ಬಿಸಿ ಹುಟ್ಟುತ್ತದೆ, ಎಣ್ಣೆ ಗಾಳಿಯ ಜೊತೆ ಸೇರಿದಾಗಲೂ ಬಿಸಿ ಹುಟ್ಟುತ್ತದೆ, ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಏರುತ್ತಲೇ ಹೋಗುತ್ತದೆ. ನಮ್ಮ ಅಟ್ಟದಲ್ಲಿ ಗಾಳಿ ಆಡುತ್ತದೆ. ವಿಮಾನದ ಹೊಟ್ಟೆಯಲ್ಲಿ ಸೂಟ್‌ಕೇಸ್ ಮೇಲೆ ಸೂಟ್‌ಕೇಸ್ ಇರುತ್ತದೆ, ಅಲ್ಲಿ ಹೊಗೆ ಬಂದರೆ ಹೋಗಿ ನೋಡುವವರು ಯಾರೂ ಇಲ್ಲ. ನನ್ನ ಮೂರು ಕೆಜಿ ಕೊಬ್ಬರಿ ಪೂರ್ತಿ ಒಣಗಿದೆ ಅಂತ ಅಪ್ಪನಿಗೆ ಗೊತ್ತು. ಎಕ್ಸ್‌ರೇ ಮುಂದೆ ಕೂತವರಿಗೆ ಗೊತ್ತಾಗುವುದು ಹೇಗೆ?

ಇದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಆದರೆ ಒಂದು ಬೇಸರ ಉಳಿದಿದೆ. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣ ಕಡೆಯಿಂದ ಹೊರದೇಶಕ್ಕೆ ಹೋಗುವ ಎಷ್ಟು ಜನ ಅಪ್ಪ ಅಮ್ಮಂದಿರ ಪೆಟ್ಟಿಗೆಯಲ್ಲಿ ಕೊಬ್ಬರಿ ಇರುತ್ತದೆ! ಟಿಕೆಟ್ ಮಾಡಿಸುವಾಗಲೇ ಒಂದು ಮಾತು ಕನ್ನಡದಲ್ಲಿ ಹೇಳಿದರೆ ಎಷ್ಟು ಜನರ ಕಣ್ಣೀರು ತಪ್ಪುತ್ತದೆ.

ಇಡೀ ತೆಂಗಿನಕಾಯಿಯದು ಬೇರೆ ಲೆಕ್ಕ. ಅದನ್ನು ನಮ್ಮ ದೇಶದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್‌-ಇನ್‌ಗೆ ಹಾಕಬೇಕು. ಶಬರಿಮಲೆಗೆ ಹೋಗುವವರಿಗೆ ಇರುಮುಡಿಯನ್ನು ಕೈಬಿಡಲು ಆಗುವುದಿಲ್ಲವಲ್ಲ, ಹಾಗಾಗಿ 2024ರ ಅಕ್ಟೋಬರ್ ಕೊನೆಯಿಂದ 2025ರ ಜನವರಿ 20ರವರೆಗೆ ಇರುಮುಡಿಯ ಕಾಯಿಯನ್ನು ಕ್ಯಾಬಿನ್‌ನಲ್ಲೇ ಒಯ್ಯಲು ವಿನಾಯಿತಿ ಕೊಟ್ಟಿದ್ದರು, ತಪಾಸಣೆ ಮಾಡಿಯೇ. ಮಾಲೆ ಹಾಕಿದವರು ಆಯಾ ವರ್ಷದ ಆದೇಶ ಬಂದಿದೆಯಾ ಅಂತ ಕೇಳಿಕೊಂಡೇ ಹೊರಡಿ.

ಅಮ್ಮ ನ್ಯೂವಾರ್ಕ್‌ನಲ್ಲಿ ಇಳಿದಾಗ ಎರಡನೇ ಪರೀಕ್ಷೆ. ತಿಂಡಿ, ಗಿಡ, ಬೀಜ ಏನಾದರೂ ಇದೆಯಾ ಅಂತ ಕೇಳುತ್ತಾರೆ. "ಇಲ್ಲ ಅಂದ್ಬಿಡಿ, ಸುಮ್ನೆ ಯಾಕೆ ರಗಳೆ" ಅಂತ ಪಕ್ಕದ ಮನೆಯವರು ಅಮ್ಮನಿಗೆ ಹೇಳಿ ಕಳಿಸಿದ್ದರು. ತಂಗಿ ಮಾತ್ರ ಹತ್ತು ಸಲ ಹೇಳಿದ್ದಳು: ಎಲ್ಲಾ ಇದೆ ಅಂತಲೇ ಹೇಳು, ಬೇಡದ್ದನ್ನು ಅವರು ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟರೆ ಮಾತ್ರ ದಂಡ. ಅಮ್ಮ ತಂಗಿಯ ಮಾತು ಕೇಳಿದರು. ಒಬ್ಬ ಅಧಿಕಾರಿ ಪೆಟ್ಟಿಗೆ ತೆರೆಸಿ, ಚಟ್ನಿಪುಡಿ, ಅಂಟು, ಉತ್ತುತ್ತಿ, ಉಪ್ಪಿನಕಾಯಿ ಎಲ್ಲ ಬಿಟ್ಟು, ಕರಿಬೇವು ಮತ್ತು ದೊಡ್ಡಪತ್ರೆ ಕಡ್ಡಿ ತೆಗೆದು ಪಕ್ಕಕ್ಕಿಟ್ಟರಂತೆ. ಒಂದು ಪೈಸೆ ದಂಡ ಹಾಕಲಿಲ್ಲ. ಹೋಗಿ ಅಂದರು.

"ಅಲ್ಲ ಕಣೆ, ನಮ್ಮೂರಲ್ಲಿ ವಿಮಾನ ಹತ್ತೋವಾಗ ಬಿಟ್ಟಿದ್ದನ್ನ ಅಲ್ಲಿ ಇಳಿಯೋವಾಗ ಯಾಕೆ ಕಿತ್ಕೊಂಡ್ರು?" ಅಂತ ಅಮ್ಮ ಆಮೇಲೆ ಕೇಳಿದರು. ಒಳ್ಳೆಯ ಪ್ರಶ್ನೆ. ನಾನೂ ಅಲ್ಲಿಯವರೆಗೆ ಒಂದೇ ಪಟ್ಟಿ ಇರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ವಿಮಾನ ಕಂಪನಿಗೆ ಇರುವುದು ಬೆಂಕಿಯ ಭಯ. ಕೈಚೀಲ ನೋಡುವವರಿಗೆ ಇರುವುದು ಆಯುಧದ ಭಯ. ಇಳಿಯುವ ದೇಶದವರಿಗೆ ಇವೆರಡೂ ಅಲ್ಲ, ಅವರ ಹೊಲಕ್ಕೆ, ದನಕ್ಕೆ ರೋಗ ಬರುತ್ತದೆ ಅನ್ನುವ ಭಯ. ಕರಿಬೇವು ಹೊತ್ತಿಕೊಳ್ಳುವುದೂ ಇಲ್ಲ, ಚುಚ್ಚುವುದೂ ಇಲ್ಲ. ಆದರೆ ಕರಿಬೇವಿನ ಎಲೆ ಮೇಲೆ ಕೂರುವ ಒಂದು ಸಣ್ಣ ಕೀಟ ಇದೆ, ಅದೇ ಕಿತ್ತಳೆ, ನಿಂಬೆ ಗಿಡಗಳಿಗೆ ಹಸಿರು ರೋಗ ಅಂಟಿಸುವುದು. ಫ್ಲೋರಿಡಾದಲ್ಲಿ 2005ರಲ್ಲಿ ಆ ರೋಗ ಕಾಣಿಸಿಕೊಂಡು ಅಲ್ಲಿಯ ಕಿತ್ತಳೆ ತೋಟಗಳು ಹಾಳಾಗಿ ಹೋದವು.

ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ತಕ್ಷಣ ಅರ್ಥವಾಯಿತು. ತೆಂಗಿನ ನುಸಿ ಇದೆಯಲ್ಲ, ಅದು ನಮ್ಮ ನೆಲದ್ದಲ್ಲ. ಮೊದಲು ಗುರುತಿಸಿದ್ದು ಮೆಕ್ಸಿಕೋದಲ್ಲಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಒಂದೆರಡು ವರ್ಷದಲ್ಲಿ ನಮ್ಮ ಕಡೆಗೂ ಬಂತು. ಕಾಯಿ ಮೇಲೆ ಕಂದು ಕಲೆ, ಬಿರುಕು, ಲಿಂಬೆ ಗಾತ್ರಕ್ಕೇ ಉದುರುವ ಹೀಚು. ನಾನು ಸ್ಕೂಲಿಗೆ ಹೋಗುತ್ತಿದ್ದ ಆ ದಿನಗಳಲ್ಲಿ ಅಪ್ಪ ಸಂಜೆ ತೋಟದಿಂದ ಬಂದು ಯಾರ ಜೊತೆಗೂ ಮಾತಾಡದೆ ಜಗುಲಿ ಮೇಲೆ ಕೂರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಅದು. "ಬೇರೆಯವರ ತೋಟಕ್ಕೆ ನಮ್ಮಿಂದ ಅಂಥದ್ದು ಹೋಗಬಾರದು" ಅಂದರು. ಅಮ್ಮ ಅವತ್ತಿನಿಂದ ಕರಿಬೇವಿನ ವಿಷಯ ಎತ್ತಿಲ್ಲ.

ಅಕ್ಕಿಯದೂ ಇದೇ ಕಥೆ. ಅಮೆರಿಕಕ್ಕೆ ನಮ್ಮ ದೇಶದಿಂದ ಪೆಟ್ಟಿಗೆಯಲ್ಲಿ ಅಕ್ಕಿ ಒಯ್ಯುವಂತಿಲ್ಲ. ಖಾಪ್ರಾ ಅನ್ನುವ ಉಗ್ರಾಣದ ಹುಳದ ಕಾರಣ. ಅದರ ಮರಿಹುಳ ಏನೂ ತಿನ್ನದೆ ವರ್ಷಗಟ್ಟಲೆ ಬದುಕುತ್ತದಂತೆ. ಒಂದು ಮಡಿಕೆಯಲ್ಲಿ ಅಡಗಿದ್ದರೂ ಸಾಕು.

ಮತ್ತೆ ಉಂಡೆಗೆ ಬರುತ್ತೇನೆ. ಆ ಸಲ ತಂಗಿ ಅಲ್ಲಿಯ ಭಾರತೀಯ ಅಂಗಡಿಯಿಂದ ಕೊಬ್ಬರಿ ತುರಿ ತಂದಳು, ಉಪ್ಪಿಲ್ಲದ ಬೆಣ್ಣೆ ತಂದು ಅಮ್ಮ ತುಪ್ಪ ಕಾಯಿಸಿದರು, ಅಂಟು ಹುರಿದು ಉಂಡೆ ಕಟ್ಟಿದರು. ರುಚಿ ಅಷ್ಟಕ್ಕಷ್ಟೆ ಅಂದರು ಅಮ್ಮ. ತಂಗಿ ಮಾತ್ರ ತುಂಬಾ ಚೆನ್ನಾಗಿತ್ತು ಅಂದಳು. ತುರಿಮಣೆ ಸುರಕ್ಷಿತವಾಗಿ ತಲುಪಿತ್ತು. ಅದರ ಅಲಗಿಗೆ ನಾನು ದಪ್ಪ ರಟ್ಟು ಸುತ್ತಿ, ಮೇಲೆ ಹಳೇ ಟವೆಲ್ ಕಟ್ಟಿ, ಚೆಕ್‌-ಇನ್ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಈಳಿಗೆ ಮಣೆ, ಚಾಕು, ಕತ್ತರಿ ಯಾವುದಾದರೂ ಹೀಗೇ ಹೋಗಬೇಕು, ಪೆಟ್ಟಿಗೆ ತೆರೆದು ನೋಡುವವರ ಕೈ ಕುಯ್ಯಬಾರದು. ಕುಕ್ಕರ್ ಒಯ್ಯುವುದಾದರೆ ಮುಚ್ಚಳ ಹಾಕಬೇಡಿ. ಒಳಗೆ ಬಟ್ಟೆ ತುರುಕಬೇಡಿ. ಪಾತ್ರೆ ಬೇರೆ, ಮುಚ್ಚಳ ಬೇರೆ, ವಿಷಲ್ ಬೇರೆ ಇಟ್ಟರೆ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಪೆಟ್ಟಿಗೆ ತೆರೆಸುವ ಪ್ರಮೇಯ ಕಡಿಮೆ.

ಕೈಚೀಲಕ್ಕೆ ಬಂದರೆ, ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕೇ ಬೇಕು. ಅದನ್ನು ಯಾವತ್ತೂ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಕೆಳಗೆ ಚಳಿಗೆ ಹೆಪ್ಪುಗಟ್ಟಿದರೆ ಔಷಧಿ ಕೆಟ್ಟಿತು ಅಂತಲೇ ಲೆಕ್ಕ, ಪೆಟ್ಟಿಗೆ ಒಂದು ದಿನ ತಡವಾಗಿ ಬಂದರಂತೂ ಇನ್ನೂ ಕಷ್ಟ. ಪೆನ್, ಸೂಜಿ, ಡಾಕ್ಟರ್ ಚೀಟಿ ಮೂರನ್ನೂ ಒಂದೇ ಪಾರದರ್ಶಕ ಚೀಲದಲ್ಲಿ ಹಾಕಿ, ತಪಾಸಣೆಗೆ ಮೊದಲೇ ಕೈಯಲ್ಲಿ ಹಿಡಿದು ತೋರಿಸು ಅಂತ ಹೇಳಿಕೊಟ್ಟಿದ್ದೆ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕುವ ಅಭ್ಯಾಸ ಅಮ್ಮನಿಗೆ. ಪ್ರಯಾಣದಲ್ಲಿ ಅದು ಬೇಡ, ಹೆಸರು ಕಾಣುವ ಸ್ಟ್ರಿಪ್‌ನಲ್ಲೇ ಇರಲಿ.

ಹೊರದೇಶದ ವಿಮಾನದಲ್ಲಿ ಕೈಚೀಲದ ದ್ರವ ಪದಾರ್ಥ ಒಂದೊಂದು ಬಾಟಲಿ 100 ಮಿಲಿ ಮೀರಬಾರದು, ಎಲ್ಲಾ ಸೇರಿ ಒಂದು ಲೀಟರಿನ ಚೀಲದಲ್ಲಿ ಹಿಡಿಸಬೇಕು. ಇಲ್ಲಿ ನಮ್ಮವರು ಎಡವುವುದು ಒಂದೇ ಕಡೆ: 200 ಮಿಲಿ ಬಾಟಲಿಯಲ್ಲಿ ಅರ್ಧ ಎಣ್ಣೆ ಇದ್ದರೂ ನಡೆಯುವುದಿಲ್ಲ, ಬಾಟಲಿಯ ಅಳತೆಯೇ ಲೆಕ್ಕ. ತುಪ್ಪ, ಜೇನುತುಪ್ಪ, ಉಪ್ಪಿನಕಾಯಿ ರಸ, ಲೇಹ್ಯ ಎಲ್ಲವೂ ದ್ರವವೇ. ಮಗುವಿನ ಹಾಲು, ಔಷಧಿಗೆ ಮಾತ್ರ ರಿಯಾಯಿತಿ. ಅಮೆರಿಕದ ವಿಮಾನಕ್ಕೆ ಪುಡಿಯ ನಿಯಮವೂ ಇದೆ, 350 ಮಿಲಿಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಬೇರೆಯಾಗಿ ತಪಾಸಣೆ. ಖಾರದಪುಡಿ, ಚಟ್ನಿಪುಡಿ, ಹುಳಿಪುಡಿ ಎಲ್ಲವನ್ನೂ ನಾನು ದೊಡ್ಡ ಪೆಟ್ಟಿಗೆಗೇ ಹಾಕುತ್ತೇನೆ. ಎರಡು ಕವರ್ ಹಾಕಿ, ಮೇಲೆ ಹೆಸರು ಬರೆದು.

ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು, ಅದು ಕೈಚೀಲದಲ್ಲೇ ಇರಬೇಕು. ನನ್ನ ಗಂಡ ಒಂದು ಸಲ ದೆಹಲಿಗೆ ಹೋಗುವಾಗ ಮರೆತು ಪೆಟ್ಟಿಗೆಯಲ್ಲಿ ಹಾಕಿ, ಮತ್ತೆ ಕರೆಸಿ ತೆಗೆಸಿದ್ದರು. ಲಿಥಿಯಂ ಬ್ಯಾಟರಿ ಒಮ್ಮೆ ಹೊತ್ತಿಕೊಂಡರೆ ಕಣ್ಣ ಮುಂದೆ ಇದ್ದರೆ ನೀರು ಹಾಕಿ ತಣ್ಣಗೆ ಮಾಡಬಹುದು, ಕೆಳಗಿದ್ದರೆ ಯಾರು ಮಾಡ್ತಾರೆ? 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನವೊಂದು ಹೊತ್ತಿ ಉರಿಯಿತು. ತಲೆ ಮೇಲಿನ ಲಗೇಜು ಗೂಡಿನಲ್ಲಿದ್ದ ಪವರ್ ಬ್ಯಾಂಕೇ ಕಾರಣ ಇರಬಹುದು ಅಂತ ತನಿಖೆ ಮಾಡಿದವರು ಹೇಳಿದರು. ಪುಣ್ಯಕ್ಕೆ 176 ಜನರೂ ಹೊರಗೆ ಬಂದರು. ಹಾಗಾಗಿ ಮೇಲಿನ ಗೂಡಿಗೂ ಹಾಕದೆ ಸೀಟಿನ ಹತ್ತಿರವೇ ಇಟ್ಟುಕೊಳ್ಳಿ. ಈಗ ಹಲವು ಕಂಪನಿಗಳು ವಿಮಾನದೊಳಗೆ ಅದರಿಂದ ಚಾರ್ಜ್ ಮಾಡಲೂ ಬಿಡುವುದಿಲ್ಲ. ಮಿತಿ 100 ವ್ಯಾಟ್-ಅವರ್. ಲೆಕ್ಕ ಸುಲಭ: 20,000 ಎಂಎಎಚ್ ಅನ್ನು ಬ್ಯಾಟರಿಯ ವೋಲ್ಟೇಜ್ ಆದ 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ 74. ಅದು ಹೋಗುತ್ತದೆ. ಮೇಲಿನ ಅಕ್ಷರ ಅಳಿಸಿಹೋದ ಹಳೇ ಪವರ್ ಬ್ಯಾಂಕ್ ಇದ್ದರೆ ಮನೆಯಲ್ಲೇ ಬಿಡಿ, ಓದಲು ಆಗದಿದ್ದರೆ ಅವರು ಒಪ್ಪುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಇದರಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ. ಅಮ್ಮ ಹೊರಡುವ ಸುದ್ದಿ ಗೊತ್ತಾದರೆ ಬೀದಿಯವರೆಲ್ಲ ಒಂದೊಂದು ಪೊಟ್ಟಣ ತರುತ್ತಾರೆ. ನಮ್ಮ ಮಗನಿಗೆ ಕೊಟ್ಟುಬಿಡಿ, ಸುಮ್ನೆ ಒಂದು ಕೆಜಿ ಅಷ್ಟೇ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಪೆಟ್ಟಿಗೆ ನೀವೇ ತುಂಬಿದ್ದಾ ಅಂತ. ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಅಮ್ಮನೇ ಹೊಣೆ. ಬಿಚ್ಚಿ ನೋಡದ ಯಾವ ಪೊಟ್ಟಣವೂ ನಮ್ಮ ಪೆಟ್ಟಿಗೆಗೆ ಹೋಗುವುದಿಲ್ಲ. ಅವರ ಎದುರೇ ಬಿಚ್ಚುತ್ತೇನೆ. ಒಂದಿಬ್ಬರು ಬೇಜಾರು ಮಾಡಿಕೊಂಡಿದ್ದಾರೆ, ಮಾಡಿಕೊಳ್ಳಲಿ.

ಹಾಗೆ ಬಿಚ್ಚಿ ನೋಡಿದ್ದರಿಂದಲೇ 2025ರಲ್ಲಿ ದೊಡ್ಡ ಗಂಡಾಂತರ ತಪ್ಪಿತು. ಚಿಕ್ಕಪ್ಪನ ಮಗಳು ದುಬೈಯಲ್ಲಿದ್ದಾಳೆ, ಅವಳಿಗೂ ಹೆರಿಗೆಯಾಗಿತ್ತು, ಚಿಕ್ಕಮ್ಮನ ಜೊತೆ ಅಮ್ಮನೂ ಹೊರಟರು. ಈ ಸಲ ಉಂಡೆಯನ್ನು ಊರಲ್ಲೇ ಕಟ್ಟಿಕೊಂಡು ಹೋಗೋಣ ಅಂತ ನಿರ್ಧಾರ ಮಾಡಿದ್ದೆವು. ಕೊಬ್ಬರಿ ತುರಿದು, ಹುರಿದು, ಬೆಲ್ಲದ ಪಾಕದಲ್ಲಿ ಸೇರಿದ ಮೇಲೆ ಅದು ಸಿಹಿತಿಂಡಿ. ವಿಮಾನ ಕಂಪನಿಗೆ ಫೋನ್ ಮಾಡಿ ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದೆ. ನೂರಿಪ್ಪತ್ತು ಉಂಡೆ ಕಟ್ಟಿ ಆರಲು ಇಟ್ಟಿದ್ದರು. ಅದೇ ದಿನ ಪರಿಚಯದವರೊಬ್ಬರು ಮಗಳಿಗೆ ಅಂತ ಬಿಸಿಬೇಳೆಬಾತ್ ಪುಡಿ ತಂದುಕೊಟ್ಟರು. ಬಿಚ್ಚಿ ನೋಡುತ್ತಾ, ಇದರಲ್ಲಿ ಏನೇನು ಹಾಕಿದ್ದೀರಿ ಅಂತ ಕೇಳಿದೆ. ಧನಿಯಾ, ಚಕ್ಕೆ, ಮರಾಠಿ ಮೊಗ್ಗು, ಗಸಗಸೆ ಅಂದರು.

ಗಸಗಸೆ ಅಂದ ಕೂಡಲೇ ನನಗೆ ಉಂಡೆ ನೆನಪಾಯಿತು. ಗಸಗಸೆ ಅಫೀಮು ಗಿಡದ ಬೀಜ. ನಮ್ಮಲ್ಲಿ ಪಾಯಸ ಮಾಡಿ ಮಕ್ಕಳಿಗೂ ಕೊಡುತ್ತೇವೆ, ಅಮೆರಿಕದಲ್ಲಿ ಬ್ರೆಡ್ಡಿನ ಮೇಲೆ ಉದುರಿಸುತ್ತಾರೆ. ದುಬೈ ಇರುವ ಯುಎಇಯಲ್ಲಿ ಅದು ನಿಷೇಧ. ಸಿಂಗಾಪುರದಲ್ಲೂ. ಅಲ್ಲಿ ಅದನ್ನು ನೋಡುವುದು ಅಡುಗೆ ಸಾಮಾನು ಅಂತಲ್ಲ, ಮಾದಕ ವಸ್ತುವಿನ ಕಾನೂನಿನಲ್ಲಿ. ಅಮೆರಿಕದಲ್ಲಿ ಕರಿಬೇವು ತೆಗೆದಿಟ್ಟು ಹೋಗಿ ಅಂದ ಹಾಗೆ ಅಲ್ಲಿ ಅನ್ನುತ್ತಾರೆ ಅಂದುಕೊಳ್ಳಬೇಡಿ, ಜೈಲಿಗೇ ಹೋಗಬೇಕಾಗಬಹುದು. ಕೆಮ್ಮಿನ ಸಿರಪ್, ನೋವಿನ ಮಾತ್ರೆಗಳಲ್ಲೂ ಕೋಡೀನ್, ಟ್ರಮಡಾಲ್ ಇರುವಂಥವಕ್ಕೆ ಅಲ್ಲಿ ಮೊದಲೇ ಅನುಮತಿ ಬೇಕು. ಯುರೋಪಿನ ಒಕ್ಕೂಟದ ದೇಶಗಳಿಗೆ ಹೋಗುವವರಿಗೆ ಹಾಲು, ತುಪ್ಪ, ಪನೀರ್, ಮಾಂಸದ ತಕರಾರು. ಒಂದೊಂದು ದೇಶಕ್ಕೆ ಒಂದೊಂದು, ಹೋದ ಸಲದ ಪಟ್ಟಿ ಈ ಸಲಕ್ಕೆ ಆಗುವುದಿಲ್ಲ.

ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಎರಡು ದಿನ ಕೂತು ಕಟ್ಟಿದ ಉಂಡೆ. ಕೊನೆಗೆ ಹೇಳಿದೆ. "ಒಂದು ಚಿಟಿಕೆ ಗಸಗಸೆಗಾ?" ಅಂದರು. ಹೌದಮ್ಮ, ಒಂದು ಕಾಳಿಗೂ. ಆ ನೂರಿಪ್ಪತ್ತು ಉಂಡೆಯನ್ನು ಬೀದಿಗೆಲ್ಲ ಹಂಚಿದೆವು. ಬಿಸಿಬೇಳೆಬಾತ್ ಪುಡಿ ವಾಪಸ್ ಕೊಟ್ಟೆವು. ಮಾರನೇ ದಿನ ಅಮ್ಮ ಬಾಣಲೆ, ಮಿಕ್ಸಿ ಜಾರು, ತಟ್ಟೆ ಎಲ್ಲವನ್ನೂ ಬಿಸಿ ನೀರಿನಲ್ಲಿ ತೊಳೆದು, ಹಳೇ ಡಬ್ಬಿ ಮುಟ್ಟದೆ ಹೊಸದಾಗಿ ಸಾಮಾನು ತರಿಸಿ, ಗಸಗಸೆ ಬಿಟ್ಟು ಮತ್ತೆ ಅರವತ್ತು ಉಂಡೆ ಕಟ್ಟಿದರು. ಆ ಪೆಟ್ಟಿಗೆಗೆ ಬೇರೆ ಹೊಸ ಬಟ್ಟೆ ಹಾಸಿದೆವು, ಹಳೇ ಚೀಲದ ಮೂಲೆಯಲ್ಲಿ ಯಾವತ್ತಿನದೋ ಒಂದು ಕಾಳು ಇದ್ದರೆ ಕಷ್ಟ ಅಂತ.

ದುಬೈಯಲ್ಲಿ ಪೆಟ್ಟಿಗೆ ತೆರೆಸಿ ನೋಡಿದರಂತೆ. ಡಬ್ಬಿಯ ಮೇಲೆ ನಾನು ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದ ಚೀಟಿ ಓದಿದರು: ತೆಂಗು, ಬೆಲ್ಲ, ಖರ್ಜೂರ, ಗೋಡಂಬಿ, ತುಪ್ಪ, ಅಂಟು. ಒಂದು ಉಂಡೆ ಮುರಿದು ನೋಡಿ ಮುಚ್ಚಿ ಕೊಟ್ಟರು. ಅಮ್ಮ ಹೊರಗೆ ಬಂದು ಮೊದಲು ಫೋನ್ ಮಾಡಿದ್ದು ಅಪ್ಪನಿಗೆ.

"ಕೊಬ್ಬರಿ ಬಂತು ರೀ" ಅಂದರಂತೆ.